ಕರಡಚ್ಚು

ಎಲೆಅಡಿಕೆ ಚೀಲದಿಂದ ಪೆನ್‌ಡ್ರೈವ್ ತೆಗೆದು
ಗಾಜಿನ ಮೇಲಿಟ್ಟರು ಜವರಪ್ಪನವರು.
"ಇದರೊಳಗೆ ನಮ್ಮ ಪ್ರೆಸ್ ಅದಂತೆ ಕಣವ್ವ.
ಸಾವ್ಕಾರ್ರ ಮೊಮ್ಮಗಳು ಕೊಟ್ಲು.
ಫೋನಲ್ಲಿ ತೆಗುದ್ರೆ ಬರೀ ಹುಳ."

ಗುತ್ತಲು ರಸ್ತೆಯ ನನ್ನ ಜೆರಾಕ್ಸ್ ಅಂಗಡಿಗೆ
ಪಹಣಿ, ಆಧಾರ್, ಹಾಲ್‌ಟಿಕೆಟ್ಟುಗಳ ನಡುವೆ
ಹೀಗೊಂದು ಕಡತ:
ಹೆಸರಿನ ಕೊನೆಗೆ ಚುಕ್ಕಿ, ಚುಕ್ಕಿಯ ಬಾಲಕ್ಕೆ ಎಚ್‌ಟಿಎಂಎಲ್.

ಎರಡು ಸಲ ಒತ್ತಿದೆ. ಬ್ರೌಸರ್ ತೆರೆಯಿತು.
ತಲೆಗೆ ಗೀರು ಬಿದ್ದ ಎ,
ಅದರ ಹೆಗಲೇರಿದ ಪುಟ್ಟ ಎರಡು, ಪುಟ್ಟ ಮೂರು,
ಮತ್ತೆ ಎ, ಮತ್ತೆ ಎರಡು.
"ಕೇಸು ಮಗುಚ್ಕಂಡಂಗದೆ," ಅಂದರು,
"ಮೊಳೆಯೆಲ್ಲ ಚೆಲ್ಲಾಪಿಲ್ಲಿ."

ಅದನ್ನೇ ನೋಟ್‌ಪ್ಯಾಡಿನಲ್ಲಿ ತೆರೆದೆ.
ಮುಖ ಹೋಯಿತು, ಬೆನ್ನು ಬಂತು:
ಚೂಪು ಕಂಸಗಳು, ತೆರೆದದ್ದಕ್ಕೆಲ್ಲ ಮುಚ್ಚುವ ಓರೆಗೆರೆ,
ನಡುನಡುವೆ ನೆಟ್ಟಗೆ ಕನ್ನಡ.
"ಅಕ್ಷರ ಕೆಟ್ಟಿಲ್ಲ ಅಜ್ಜ. ಇದನ್ನ ಹೆಂಗೆ ಓದಬೇಕು ಅಂತ
ಬ್ರೌಸರಿಗೆ ಯಾರೂ ಹೇಳಿಲ್ಲ, ಅಷ್ಟೆ."

ವಿವರಿಸಲು ಹೊರಟೆ: ಬಿ ಅಂದರೆ...
"ದಪ್ಪ," ಅಂದರು.
ಪಿ ಅಂದರೆ...
"ಹೊಸ ಪ್ಯಾರಾ."
ಸೆಂಟರ್?
"ಎರಡೂ ಕಡೆ ಸೀಸದ ತುಂಡು ತುಂಬಬೇಕು."
ಮೂವತ್ತೊಂದು ವರ್ಷ
ಹಸ್ತಪ್ರತಿಯ ಅಂಚಿನ ಕೆಂಪು ಗೀಟುಗಳನ್ನು ಪಾಲಿಸಿ,
ಅವು ಅಚ್ಚಾಗದ ಹಾಗೆ ನೋಡಿಕೊಂಡ ಕಣ್ಣು,
ಕನ್ನಡಿಯೊಳಗಿನ ಕನ್ನಡವನ್ನು ತಲೆಕೆಳಗಾಗಿ ಓದಿದ ಕಣ್ಣು
ನಾನು ದಾಟಿಬಿಟ್ಟಿದ್ದ ಸಾಲಿನ ಮೇಲೆ ನಿಂತಿತು.

ಚೂಪು ಕಂಸ, ಆಶ್ಚರ್ಯಚಿಹ್ನೆ, ಎರಡು ಅಡ್ಡಗೆರೆ.
ಅಲ್ಲಿಂದ ಮುಂದಿನದಕ್ಕೆ ಬ್ರೌಸರ್ ಕಿವುಡು:
ಎಡತುದಿ ಜವರಪ್ಪ. ತಾತ ಇವರಿಗೆ ಎರಡು ತಿಂಗಳ
ಸಂಬಳ ಕೊಟ್ಟಿರಲಿಲ್ಲವಂತೆ.
ಹಾಕೋದಾ ಬೇಡ್ವಾ? ಅಪ್ಪನ್ನ ಕೇಳಬೇಕು.

"ಇದು ಅಚ್ಚಾಗಕಿಲ್ವಾ?"
"ಇಲ್ಲ ಅಜ್ಜ. ಬಿಚ್ಚಿ ನೋಡಿದವರಿಗೆ ಮಾತ್ರ."

ತಲೆಭಾಗದಲ್ಲಿ ಒಂದು ಸಾಲು ಸೇರಿಸಿ ಉಳಿಸಿದೆ, ಯುಟಿಎಫ್ ಎಂಟು.
ಮತ್ತೆ ತೆರೆದರೆ ಪ್ರೆಸ್ಸು ಮೈತುಂಬ ಕನ್ನಡ ಹೊತ್ತು ಬಂತು:
ಲಗ್ನಪತ್ರಿಕೆಯ ಹಳೇ ದರ, ಟ್ರೆಡಲ್ ಮೆಷಿನ್ನಿನ ವರ್ಣನೆ,
ಫೋಟೋದ ಜಾಗದಲ್ಲಿ ಮುರಿದ ಚೌಕ.
ಚಿತ್ರ ಬೇರೆ ಕಡತ, ಇದರಲ್ಲಿರಲ್ಲ,
ಎಲ್ಲಿದೆ ಅಂತಷ್ಟೇ ಇದು ಹೇಳುತ್ತೆ, ಅಂದೆ.

ಕೇಳಿಸಿಕೊಳ್ಳಲಿಲ್ಲ.
"ಪ್ರಿಂಟ್ ತಗಿ. ಮುಂದ್ಲುದಲ್ಲ, ಹಿಂದ್ಲುದು."

ಹತ್ತು ರೂಪಾಯಿ ಕೊಟ್ಟು,
ನನ್ನ ಕೆಂಪು ಪೆನ್ನು ಕೇಳಿ ಇಸಿದುಕೊಂಡು,
ಹಾಳೆಯನ್ನು ಗಾಜಿನ ಮೇಲೆ ಸವರಿ
'ಎರಡು' ಹೊಡೆದರು. ಅಂಚಿಗೆ ಗೆರೆ ಎಳೆದು
ಗುಂಡಗೆ ಬರೆದರು:
ಮೂರು.