ಎಂಟನೆಯ ಸಂಚಿಕೆ

ಘಾಟ್ಕೋಪರಿನಲ್ಲಿ, ಗಿರಣಿಯಂಗಡಿಯ ಮೇಲಿನ ಮಾಳಿಗೆಯಲ್ಲಿ
ನಮ್ಮ ಸಂಘದ ಲೈಬ್ರರಿ.
ನಾಲ್ಕು ಕಪಾಟು, ಒಂದು ಫ್ಯಾನು, ಎಲ್ಲದರ ಮೇಲೂ ತೆಳ್ಳಗೆ ಗೋಧಿಹಿಟ್ಟು.
ಭಾನುವಾರ ಸ್ಕ್ಯಾನರಿನ ಮುಚ್ಚಳ ಎತ್ತಿ ಇಳಿಸುವವಳು ನಾನು,
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಅವರಿವರ ಮಾತಿಗೆ ತಂತಿ ಸಿಕ್ಕಿಸಿ ಕೊಟ್ಟವಳು.
ಈಗಲೂ ಅದೇ ಕೆಲಸ ಅನ್ನಿ.

‘ರಾತ್ರಿಪಾಳಿ’ ಎಂದು ಅದರ ಹೆಸರು.
ಫೋರ್ಟಿನ ಇರುಳುಶಾಲೆಯಲ್ಲಿ ಹೋಟೆಲಿನ ಹುಡುಗರು
ಲೋಟ ತೊಳೆದು ನೆರಿಗೆಗಟ್ಟಿದ ಬೆರಳಲ್ಲಿ
ಕಾರ್ಬನ್ ಇಟ್ಟು ಒತ್ತಿ ಒತ್ತಿ ಬರೆದ ಪತ್ರಿಕೆ.
ತಿಂಗಳಿಗೆ ಮೂರೇ ಪ್ರತಿ.
ಒಂದು ನಮ್ಮಲ್ಲಿ, ಏಳನೆಯ ಸಂಚಿಕೆಯ ಅರ್ಧ ಗೆದ್ದಲಿನ ಹೊಟ್ಟೆಯಲ್ಲಿ.
ಒಂದು ಪುಣೆಯಲ್ಲಿ, ಸದಾಶಿವ ಪೇಠೆಯ ವಾಚನಾಲಯದಲ್ಲಿ
ಗಲಗಲಿ ಮಾಸ್ತರರ ಕಾವಲಿನಲ್ಲಿ:
‘ಅದ ನೋಡ್ರಿ, ಚೊಲೋನೇ ಅದ.
ಹದಿಮೂರನೇ ಪುಟ ಒಂದ ಇಲ್ಲ.’
ಮೂರನೆಯದರ ಸುದ್ದಿ ಯಾರಿಗೂ ಇಲ್ಲ.

ಹನ್ನೆರಡನೆಯ ಪುಟದ ಕೊನೆಗೆ ಐತಪ್ಪನೆಂಬ ಹುಡುಗ
ಮಂಗಳೂರಿನ ಹಡಗಿನಿಂದ ಭಾವುಚಾ ಧಕ್ಕೆಯಲ್ಲಿ ಇಳಿಯುತ್ತಾನೆ.
ತಗಡಿನ ಟ್ರಂಕು. ಹಸಿವು.
‘ಕರೆದೊಯ್ಯಲು ಬಂದಾತ ನನ್ನನ್ನು ನೋಡಿ’
ಎಂಬಲ್ಲಿಗೆ ಹಾಳೆ ಮುಗಿಯುತ್ತದೆ.
ಅರುವತ್ತು ವರ್ಷದಿಂದ ಅವನು ಧಕ್ಕೆಯಲ್ಲೇ ನಿಂತಿದ್ದಾನೆ.

ಕಮಿಟಿಯಲ್ಲಿ ಜಗಳ ಬೇರೆ.
ನಮ್ಮ ಹಾಳೆಗೆ ಅವರ ಹಾಳೆ ಸೇರಿಸಿದರೆ ಮೊಹರು ಯಾರದು?
ಖಜಾಂಚಿ ದೂಮಣ್ಣ ಸಾಲ್ಯಾನರ ಪ್ರಶ್ನೆ ಇನ್ನೂ ಖಾರ:
‘ಕಣ್ಣಿಗೆ ಕಾಣದ ಕಪಾಟಿಗೆ ವರ್ಷಕ್ಕೆ ಹನ್ನೊಂದು ಸಾವಿರ ಬಾಡಿಗೆ.
ಕಟ್ಟುತ್ತೇವೆ. ನಾವು ಹೋದ ಮೇಲೆ?’
ಉತ್ತರ ಯಾರ ಬಳಿಯೂ ಇರಲಿಲ್ಲ.
ಚಹಾ ತರಿಸಿದೆವು.
ಕೊನೆಗೆ ಒಂದು ಕರಾರು: ಮೂರು ಊರಲ್ಲಿ ಮೂರು ಡಿಸ್ಕು,
ಜೂನಿನಲ್ಲಿ ಮಳೆ ಹಿಡಿಯುವ ಮುನ್ನ
ಒಬ್ಬರದ್ದನ್ನು ಇನ್ನೊಬ್ಬರು ತೆರೆದು ನೋಡಬೇಕು,
ಹಪ್ಪಳದ ಡಬ್ಬಿ ನೋಡಿದ ಹಾಗೆ.

ಮೂರನೆಯ ಊರು ಮಡಗಾಂವ್.
ಅಲ್ಲಿನ ಅರ್ಸುಲಾ ಫುರ್ತಾದಳ ಲೈಬ್ರರಿಯಲ್ಲಿ
ಕನ್ನಡ ಲಿಪಿಯ ಕೊಂಕಣಿ ಪುಸ್ತಕಗಳು ನಲವತ್ತು.
ಓದಬಲ್ಲವರಿಲ್ಲ. ಪಟ್ಟಿಯಲ್ಲಿ ‘ಅಕ್ಷರ: ದುಂಡಗಿನದು’
ಎಂದಷ್ಟೇ ಬರೆದಿಟ್ಟಿದ್ದಳು.
ರಾತ್ರಿ ಒಂಬತ್ತಕ್ಕೆ ಫೋನು ಹಚ್ಚಿ
ಅವಳು ಕಳಿಸಿದ ಚಿತ್ರ ನೋಡುತ್ತ ನಾನು ಒಂದೊಂದೇ ಸಾಲು ಓದುತ್ತಿದ್ದೆ,
ಏನೆಂದು ನನಗೆ ಪೂರಾ ತಿಳಿಯದು.
ಅತ್ತ ಅವಳು ಫಕ್ಕನೆ ನಗುತ್ತಿದ್ದಳು:
ಅದು ಬಾಂಗಡೆಯ ಹುಳಿ ಮಾಡುವ ವಿಧಾನವಂತೆ,
ಅವಳ ಅಜ್ಜಿಯದೇ ಅಳತೆಯಂತೆ.
ಅಕ್ಷರ ನನ್ನ ಕೈಯಲ್ಲಿ, ಅರ್ಥ ಅವಳ ಬಾಯಲ್ಲಿ,
ನಡುವೆ ಕಡಲಗುಂಟ ರೈಲು ಹಳಿಯಷ್ಟು ಉದ್ದದ ತಂತಿ.

ಅದೇ ಅಡುಗೆ ಪುಸ್ತಕದ ರಟ್ಟು ಸಡಿಲಿದಾಗ
ಒಳಗೆ ಅಂಟಿಸಿದ್ದ ನೀಲಿ ಹಾಳೆ ಕಂಡಿತಂತೆ ಅವಳಿಗೆ.
ಯಾವ ಬೈಂಡರನ ಕೈ ಸೇರಿತ್ತೋ ಆ ಮೂರನೆಯ ಪ್ರತಿ.
ಓದಲು ಬಾರದವಳು ಗುರುತಿಸಿದಳು:
‘ಈ ದುಂಡಗಿನವು ಬಲಕ್ಕೆ ವಾಲಿವೆ,
ನೀನು ಕಳಿಸಿದ ಹುಡುಗನ ಹಾಗೆ. ನಿಮ್ಮದಾ?’

ಹದಿಮೂರು.
ನಾನು ನಿಂತೇ ಓದಿದೆ, ಗಿರಣಿಯ ಸದ್ದಿಗಿಂತ ಜೋರಾಗಿ.
‘ಶಂಭುವಾ? ಎಂದು ಕೇಳಿದ.
ಅವನು ಹುಡುಕುತ್ತಿದ್ದದ್ದು ಬೇರೆ ಯಾರನ್ನೋ.
ನನ್ನನ್ನು ಕರೆಯಲು ಯಾರೂ ಬಂದಿರಲಿಲ್ಲ.
ಹೌದು ಎಂದೆ.
ಅವನು ಟ್ರಂಕು ಎತ್ತಿಕೊಂಡ. (ಮುಂದಿನ ಸಂಚಿಕೆಗೆ)’

ದೂಮಣ್ಣ ಕನ್ನಡಕ ತೆಗೆದು ಒರೆಸುತ್ತ ಕುಳಿತರು.
‘ಹಾಗಾದರೆ ಆ ಶಂಭು?’ ಎಂದರು, ಬಹಳ ಹೊತ್ತಿನ ಮೇಲೆ.
ಮೊಹರಿನ ಮಾತು ಆಮೇಲೆ ಎತ್ತಲಿಲ್ಲ.

ಎಂಟನೆಯ ಸಂಚಿಕೆ ನಮ್ಮಲ್ಲಿಲ್ಲ, ಪುಣೆಯಲ್ಲಿಲ್ಲ.
ಅರ್ಸುಲಾ ಇನ್ನೂ ಮೂವತ್ತೊಂಬತ್ತು ರಟ್ಟುಗಳನ್ನು
ದೀಪಕ್ಕೆ ಹಿಡಿದು ನೋಡಬೇಕು.
ಮೂವರ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಖಾಲಿ ಬಿಟ್ಟಿದ್ದೇವೆ.
ಕೆಲವು ರಾತ್ರಿ ನಿದ್ದೆ ಬಾರದೆ ತೆರೆದರೆ
ಅದೇ ಖಾಲಿ ಚೌಕದಲ್ಲಿ
ನನ್ನ ಕಡ್ಡಿಯ ಪಕ್ಕ ಮತ್ತೆರಡು ಕಡ್ಡಿ
ಮಿನುಗುತ್ತ ನಿಂತಿರುತ್ತವೆ.
ಯಾರೂ ಏನೂ ಬರೆಯುವುದಿಲ್ಲ.