ಒಂದೂವರೆ ಇಂಚು

ಅರಸೀಕೆರೆ, ತಾಲ್ಲೂಕು ಕಚೇರಿಯ ಎದುರು,
ಜೆರಾಕ್ಸ್ ಮಿಷನ್ನಿಗೂ ಗೋಡೆಗೂ ನಡುವೆ
ನನ್ನ ಕುರ್ಚಿ ಹಿಡಿಯುವಷ್ಟೇ ಜಾಗ.
ಬೆಳಿಗ್ಗೆ ಕಂಪ್ಯೂಟರು ಎದ್ದ ಕೂಡಲೇ
ಹೊಸ ಹಾಳೆಯೊಂದನ್ನು ಹಾಸುತ್ತದೆ
ನಾನು ಕೇಳದ ಅಳತೆಯಲ್ಲಿ.
ಯಾವುದೋ ದೇಶದ ಕಾಗದ,
ನಾಲ್ಕೂ ಕಡೆ ಒಂದೊಂದೇ ಇಂಚು ಅಂಚು,
ಹನ್ನೊಂದರ ಸಣ್ಣಕ್ಷರ, ನಮ್ಮ ಶಿರಸ್ತೇದಾರರ ಕನ್ನಡಕಕ್ಕೆ
ಇರುವೆ ಸಾಲು.
ಊರ ಹೆಸರು ಹೊಡೆದರೆ ಕೆಳಗೆ ಕೆಂಪು ಗೆರೆ:
ಜಾವಗಲ್ಲು ತಪ್ಪು, ಬಾಣಾವರ ತಪ್ಪು.

ಇಪ್ಪತ್ತು ವರ್ಷ, ದಿನಕ್ಕೆ ಐವತ್ತು ಸಲ
ಅದನ್ನೇ ತಿದ್ದಿದೆ.
ಕಾಗದ ಲೀಗಲ್. ಅಕ್ಷರ ನುಡಿ, ಹದಿನಾಲ್ಕು.
ಎಡಕ್ಕೆ ಒಂದೂವರೆ ಇಂಚು ಬಿಡಲೇಬೇಕು,
ಕಡತಕ್ಕೆ ಸೇರಿಸುವಾಗ ತೂತು ಹೊಡೆದು ದಾರ ಪೋಣಿಸುತ್ತಾರೆ;
ಬಿಡದಿದ್ದರೆ ಪ್ರತಿ ಸಾಲಿನ ಮೊದಲಕ್ಷರ
ದಾರದ ಕೆಳಗೆ ಉಸಿರು ಕಟ್ಟುತ್ತದೆ.
ಹಾಗೇ ಒಮ್ಮೆ ತೋಪೇಗೌಡ ಪೇಗೌಡನಾಗಿ
ಮೂರು ತಿಂಗಳು ಅಲೆದ.

ತಬಸ್ಸುಮ್ ಬಂದಳು, ಪಿಯುಸಿ ಮುಗಿಸಿ, ಕೆಲಸ ಕಲಿಯಲು.
ಮೂರನೇ ದಿನಕ್ಕೇ ಕೇಳಿದಳು,
"ಅಕ್ಕಾ, ದಿನಾ ಯಾಕೆ ತಿದ್ತೀರ?
ಒಂದೇ ಸಲ ಹೇಳಿಬಿಡಿ ಅದಕ್ಕೆ."
ಪುಟದ ಪೆಟ್ಟಿಗೆ ತೆರೆದಳು. ಕೆಳಮೂಲೆಯಲ್ಲೊಂದು ಗುಂಡಿ,
ಇಷ್ಟು ವರ್ಷ ನೋಡಿಯೂ ನಾನು ಒತ್ತಿರದ್ದು.
ಒತ್ತಿದರೆ ಕೇಳಿತು:
ಇನ್ನು ಮುಂದೆ ತೆರೆಯುವ ಹಾಳೆಗಳಿಗೆಲ್ಲ ಇದೇ ಇರಲೇ?
ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ
ಹೀಗೆ ಕೇಳಿರಲಿಲ್ಲ.
ಇರಲಿ, ಅಂದೆ.

ಅದೇ ಹುರುಪಿನಲ್ಲಿ ಹುಡುಗಿ
ಒಕ್ಕಣೆಯನ್ನೂ ಅದರೊಳಗೇ ಇಟ್ಟಳು:
ಇಂದ, ಗೆ, ಮಾನ್ಯರೇ, ತಮ್ಮ ವಿಶ್ವಾಸಿ.
ಆಗ ತೆರೆದಿದ್ದುದು ವೀರಭದ್ರಾಚಾರಿಯ ಅರ್ಜಿ,
ಬಸ್ ಸ್ಟ್ಯಾಂಡಿನ ಪಕ್ಕದ ತಗಡಿನಂಗಡಿ ಎತ್ತಿಸಬೇಡಿರೆಂದು.
ಅವನದೆಲ್ಲ ಅಳಿಸಿದಳು.
ಕೊನೆಯ ಸಾಲೊಂದು ಉಳಿದುಹೋಯಿತು,
ಪರದೆಯ ಕೆಳಗೆ, ಕಾಣದ ತುದಿಯಲ್ಲಿ:
ತಮ್ಮನ್ನು ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲ.

ಎರಡು ದಿನ ಯಾರೂ ನೋಡಲಿಲ್ಲ, ನಾನೂ.
ಗಂಡಸಿಯ ಹುಡುಗರು ವಾಲಿಬಾಲ್ ನೆಟ್ಟಿಗೆ ಬರೆಸಿದರು,
ಕಣಕಟ್ಟೆಯವರು ಟ್ರಾನ್ಸ್‌ಫಾರ್ಮರಿಗೆ,
ಕೊಬ್ಬರಿ ಮಂಡಿಯ ಸಾಹುಕಾರರು, ಬೆರಳಿಗೆರಡು ಉಂಗುರ,
ಪಕ್ಕದ ಸೈಟಿನವನ ತಕರಾರಿಗೆ ಉತ್ತರ.
ಎಲ್ಲರ ಸಹಿಯ ಮೇಲೂ ಅದೇ, ಬೇರೆ ದಿಕ್ಕಿಲ್ಲ.
ಓದದೇ ಸಹಿ ಹಾಕಿದರೋ,
ಓದಿ, ಸರಿಯಾಗೇ ಇದೆ ಅಂತ ಹಾಕಿದರೋ.
ಕಚೇರಿಯಿಂದ ಒಂದೂ ವಾಪಸು ಬರಲಿಲ್ಲ.

ಬಂದವರು ಫಿಲೋಮಿನಾ ಟೀಚರು ಒಬ್ಬರೇ.
ಹದಿನಾರು ವರ್ಷದ ಡ್ರಿಲ್ ಕೆಲಸಕ್ಕೆ ರಾಜೀನಾಮೆ,
ಮೂರು ಸಾಲು ಸಾಕು ಅಂದಿದ್ದರು; ಮೂರೇ ಹೊಡೆದಿದ್ದೆ.
"ಈ ನಾಕನೇದು ಯಾರದು?"
ಕತ್ತಿನಲ್ಲಿ ಸೀಟಿ ಇನ್ನೂ ತೂಗುತ್ತಿತ್ತು.
ಡಿಫಾಲ್ಟು, ಅಂದೆ.
"ಹಂಗಂದ್ರೆ?"
ತಬಸ್ಸುಮ್ ಪ್ರಿಂಟರಿನ ಹಿಂದೆ ಬಗ್ಗಿ
ಇಲ್ಲದ ಕಾಗದ ಹುಡುಕುತ್ತಿದ್ದಳು.
ನಾವು ಏನೂ ಹೇಳದೆ ಹೋದಾಗ, ಟೀಚರ್,
ಅದು ತಾನೇ ಹೇಳೋದು.

ಅವರು ನಗಲಿಲ್ಲ.
ಜಂಕ್ಷನ್ನಿನಲ್ಲಿ ರೈಲೊಂದು ಕೂಗಿ ಮುಗಿಸುವವರೆಗೂ ನಿಂತಿದ್ದರು.
ತೆಗೆದು ಇನ್ನೊಂದು ಪ್ರತಿ ಕೊಡಿ, ಅಂದರು.
ಬೇಡವೆಂದರೂ ಹತ್ತು ರೂಪಾಯಿ ಇಟ್ಟರು.
ಹೊಸದನ್ನು ಕವರಿಗೆ ಹಾಕಿ ಅಂಟಿಸಿದರು,
ಹಳೆಯದನ್ನು ನಾಲ್ಕು ಮಡಿಕೆ ಮಾಡಿ
ಪರ್ಸಿನೊಳಗೆ, ಜಿಪ್ಪಿರುವ ಕಡೆ.

ಸಂಜೆ ಮಾದರಿಯಿಂದ ಆ ಸಾಲನ್ನು ಅಳಿಸಿದೆವು.
ಮತ್ತೆ ಕೇಳಿತು, ಇನ್ನು ಮುಂದೆ ಹೀಗೇ ಇರಲೇ?
ತಬಸ್ಸುಮ್ ನನ್ನ ಮುಖ ನೋಡಿದಳು.
ಒತ್ತು, ಅಂದೆ.
ಎಡಗಡೆ ಒಂದೂವರೆ ಇಂಚು ಖಾಲಿ, ದಾರಕ್ಕೆ.
ವೀರಭದ್ರಾಚಾರಿಯ ಅಂಗಡಿ ಇದೆಯೋ, ಎತ್ತಿಸಿದರೋ,
ನಾಳೆ ಆ ಕಡೆ ಹೋದರೆ ನೋಡಬೇಕು.