ಒಂದೇ ಗೀಟು

ಕೌಲ್ ಬಜಾರಿನ ಶಾಲೆ, ಏಳನೆಯ ತರಗತಿ,
ಕಿಟಕಿ ಪಕ್ಕದ ಬೆಂಚಿನ ಜಂಬಕ್ಕನ ಗಣಿತದ ನೋಟು:
ಪುಟಪುಟದಲ್ಲೂ ರಬ್ಬರು ಉಜ್ಜಿ ಉಜ್ಜಿ
ಹಾಳೆ ಈರುಳ್ಳಿಯ ಸಿಪ್ಪೆ.
ಉತ್ತರಗಳು ಪಕ್ಕದವಳವು.
ಅವೂ ತಪ್ಪು.

ಬೈಯಲೆಂದೇ ಎತ್ತಿಕೊಂಡೆ.
ಬಳ್ಳಾರಿಯ ಹನ್ನೊಂದು ಗಂಟೆಯ ಬಿಸಿಲು
ಹಾಳೆಯ ಮೇಲೆ ಓರೆಯಾಗಿ ಬಿದ್ದು
ಅಳಿಸಿದ್ದು ಕಂಡಿತು.
ಸೀಸ ಹೋಗಿತ್ತು, ಒತ್ತಿದ ಗುರುತು ಹೋಗಿರಲಿಲ್ಲ:
ಮೈನಸ್ ಮೂರು.
ಸರಿಯಾದ ಮೈನಸ್ ಮೂರು.
ಹಿಂದಿನ ಪುಟ ತಿರುವಿದೆ, ಅಲ್ಲೂ.
ಅದರ ಹಿಂದೆಯೂ.
ಜೂನ್‌ನಿಂದ ಈ ಹುಡುಗಿ ಸರಿ ಬರೆದು ಅಳಿಸಿದ್ದಾಳೆ,
ನಾನು ಅದರ ಮೇಲಿನದಕ್ಕೆ ಸೊನ್ನೆ ಸುತ್ತಿದ್ದೇನೆ.

"ಯಾಕವ್ವಾ?"
"ನನಗ ಬಂದ ಉತ್ತರ ಅಲ್ರೀ ಮೇಡಂ,
ತಪ್ಪೇ ಇರ್ತೈತಿ ಅಂತ."

ಆವತ್ತೇ ರಬ್ಬರುಗಳನ್ನೆಲ್ಲ ಇಸಿದುಕೊಂಡೆ.
ಇಪ್ಪತ್ತಾರು ಹುಡುಗಿಯರು, ಮೂವತ್ತೊಂದು ರಬ್ಬರು.
ಹುಡುಗರ ಸಾಲಿನಿಂದ ನಾಲ್ಕೇ,
ಅದರಲ್ಲೊಂದು ಹವಾಯಿ ಚಪ್ಪಲಿಯ ತುಂಡು.
ಬೀರುವಿಗೆ ಬೀಗ.
ತಪ್ಪಾದರೆ ಮೇಲೆ ಒಂದೇ ಗೀಟು,
ಕೆಳಗಿನದು ಓದುವಂತಿರಬೇಕು.

ಮೊದಲ ವಾರ ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು.
ನಸ್ರೀನ್ ಎರಡು ದಿನ ಏನನ್ನೂ ಬರೆಯಲಿಲ್ಲ.

ಜಂಬಕ್ಕನ ಅವ್ವ ಜೀನ್ಸಿಗೆ ಜೇಬು ಹೊಲಿಯುತ್ತಾಳೆ,
ಜೋಡಿಗೆ ಒಂದೂವರೆ ರೂಪಾಯಿ.
ಒಂದು ಸೋಮವಾರ ಚೀಟಿ ತಂದಳು:
ಹದಿನಾಲ್ಕು ಡಜನು ಜೋಡಿ, ಇನ್ನೂರ ಹತ್ತು ರೂಪಾಯಿ.
ಹಿಂಬದಿಯಲ್ಲಿ, ಪೆನ್ನಿನಲ್ಲಿ, ಅವಳ ಲೆಕ್ಕ.
ಎರಡು ಕಡೆ ಗೀಟು ಎಳೆದು ಮೂರನೆಯ ಸಲ
ಇನ್ನೂರ ಐವತ್ತೆರಡು.
"ಅವರ ಡಜನ್ನಿಗೆ ಹತ್ತೇ ಐತ್ರಿ ಮೇಡಂ."
ಉಳಿದ ನಲವತ್ತೆರಡು ಅವ್ವನ ಕೈಗೆ ಬಂತೋ ಇಲ್ಲವೋ
ನಾನು ಕೇಳಲಿಲ್ಲ.
ಕೇಳಬೇಕಿತ್ತು.

ಇವತ್ತು ಬೋರ್ಡಿನ ಮುಂದೆ ನಿಂತಿದ್ದಾಳೆ,
ಭಿನ್ನರಾಶಿಯ ಭಾಗಾಕಾರ, ಕೈಯಲ್ಲಿ ಮುರುಕು ಚಾಕ್‌ಪೀಸು.
ತಲೆಕೆಳಗು ಮಾಡಬೇಕಾದದ್ದನ್ನು ಬಿಟ್ಟು
ಇನ್ನೊಂದನ್ನು ಮಾಡಿದಳು.
ಹಿಂದಿನ ಬೆಂಚು ನಕ್ಕಿತು.
ನನ್ನ ಕೈ ತಾನಾಗಿ ಡಸ್ಟರಿನತ್ತ ಹೋಯಿತು,
ಹದಿನೆಂಟು ವರ್ಷದ ಚಾಳಿ.

ಅವಳು ಹಿಂದಿರುಗದೆಯೇ ಹೇಳಿದಳು:
"ಅಳಿಸಬ್ಯಾಡ್ರಿ ಮೇಡಂ.
ಎಲ್ಲಿ ತಪ್ಪೈತಿ ನೋಡಾಕತ್ತೀನಿ."